ಕೋಲಿನಿಂದ ದಬ್ಬಿದ ಕಳಸ

ನಮ್ಮ ಕೇರಿಯ ದುರಗವ್ವನ ಗುಡಿಗೆ ಕಳಸ ಇರಲಿಲ್ಲ.

ಗುಡಿ ಇತ್ತು. ಮಾವ ಬದುಕಿದ್ದಾಗ ಗಂಡಸರು ಕಲ್ಲು ಹೊತ್ತು, ಹೆಂಗಸರು ನೀರು ಹೊತ್ತು ಕಟ್ಟಿದ ಆಳೆತ್ತರದ ಗುಡಿ. ನೆತ್ತಿಯಲ್ಲಿ ಒಂದು ತೂತು ಬಿಟ್ಟಿದ್ದರು, ಕಳಸ ಕೂಡಿಸಲಿಕ್ಕೆ. ಕಳಸ ಏರಿಸಲು ಸ್ವಾಮಿಗಳು ಬೇಕು. ಕರೆಯಲು ಹೋದರೆ ಒಬ್ಬರು ಬರುತ್ತೇನೆ ಅಂದರು, ಬರಲಿಲ್ಲ. ಇನ್ನೊಬ್ಬರ ಮಠದಲ್ಲಿ ಮೆಟ್ಟಿಲ ಕೆಳಗೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ತೂತು ಹಾಗೇ ಉಳಿಯಿತು. ಮಳೆ ಬಂದರೆ ಅದರೊಳಗಿಂದ ನೀರಿಳಿದು ದೇವಿಯ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಊರವರು ಹಾಯ್ದು ಹೋಗುವಾಗ, ಇದೇನು ಗುಡಿಯೋ ಕೋಳಿಗೂಡೋ ಎಂದು ನಗುತ್ತಿದ್ದರು.

ನನ್ನ ಅತ್ತೆ ಕಸ್ತೂರೆವ್ವ ಸುಮ್ಮನಿರುವವಳಲ್ಲ. ಕೋಳಿಯೂ ನಮ್ಮವ್ವನ ಮಕ್ಕಳೇ, ನೀವು ಬೇಕಾದರೆ ಬಂದು ಮೊಟ್ಟೆ ಇಡ್ರಿ ಎಂದು ತಿರುಗಿ ಹೇಳುತ್ತಿದ್ದಳು. ಆದರೆ ಶುಕ್ರವಾರ ಗುಡಿ ಸಾರಿಸುವಾಗ ಅವಳ ಕಣ್ಣು ಆ ತೂತಿಗೇ ಹೋಗುತ್ತಿತ್ತು.

ಅವಳಿಗೆ ಓದು ಬರಹ ಇಲ್ಲ. ಹಾಡು ಇತ್ತು. ಬೀಸುವಾಗ, ಹತ್ತಿಯ ಅರಳಿ ಆರಿಸುವಾಗ, ಸತ್ತವರ ಮನೆಯಲ್ಲಿ ಇರುಳೆಲ್ಲ ಕುಳಿತಾಗ ಬಾಯಿಯಿಂದ ತಾನೇ ಬರುತ್ತಿತ್ತು. ನಾನು ಕೇಳುವವಳು. ನನ್ನ ತವರು ಅಮ್ಮಿನಬಾವಿ. ಅಲ್ಲಿ ಪುರಾಣ ಹೇಳುವ ಹೊತ್ತಿಗೆ ಅಪ್ಪ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮಠದ ಗೋಡೆಯ ಹೊರಗೆ ಕುಳಿತಿರುತ್ತಿದ್ದ. ಗೋಡೆಯಾಚೆಯಿಂದ ಕೇಳಿ ಕಲಿತವಳಿಗೆ ಕೇಳುವುದೇ ರೂಢಿ. ಅತ್ತೆ ಹಾಡುವಾಗ ನಡುವೆ ನಿಲ್ಲಿಸಿ, "ಮುರಿಗೆವ್ವಾ, ಕಿವಿ ಅಷ್ಟ ತಂದೀಯೋ ತವರಿಂದ, ಬಾಯೂ ತಂದೀಯೋ" ಎಂದು ಕಾಡುತ್ತಿದ್ದಳು.

ನಮ್ಮ ಕೇರಿ ಗಬ್ಬೂರಿನ ಬೈಪಾಸ್ ರಸ್ತೆಯ ಹಿಂದೆ. ಕೇರಿಗೂ ರಸ್ತೆಗೂ ನಡುವೆ ನೀಲಕಂಠಪ್ಪ ಸಾವಕಾರರ ಅರಳಿ ಗಿರಣಿ. ನಾವೆಲ್ಲ ಅದರಲ್ಲೇ ದುಡಿದವರು. ನನ್ನ ಗಂಡ ಸೋಮಪ್ಪ ಅರಳಿ ಒತ್ತಿ ಕಟ್ಟಿದ ಅಂಡಿಗೆ ಹೊರುತ್ತಿದ್ದ. ನಾನೂ ಅತ್ತೆಯೂ ಅರಳಿಯೊಳಗಿನ ಕಸ ಆರಿಸುತ್ತಿದ್ದೆವು. ಸಂಜೆ ಮನೆಗೆ ಬಂದು ಕೆಮ್ಮಿದರೆ ಬಿಳಿ ಎಳೆ ಬರುತ್ತಿತ್ತು. ಗೇಟಿನಲ್ಲಿ ದಿನವೂ ಮೈ ಝಾಡಾ ತೆಗೆದುಕೊಂಡೇ ಹೊರಗೆ ಬಿಡುತ್ತಿದ್ದರು. ಗಂಡಸರು ಧೋತರ ಜಾಡಿಸಬೇಕು, ಹೆಂಗಸರು ಸೆರಗು. ಒಂದು ಹಿಡಿ ಅರಳಿ ಸಿಕ್ಕರೆ ಕಳ್ಳರು.

ಗಿರಣಿಯ ಮಾಡಿನ ಮೇಲೆ ಉದ್ದನೆಯ ಕಬ್ಬಿಣದ ಕಂಬ. ಅದರ ತುದಿಯಲ್ಲಿ ಹಿತ್ತಾಳೆಯದೊಂದು ಗುಂಡು. ಗುಂಡಿನ ನಡುವೆ ತಟ್ಟೆಯಂಥ ಅಂಚು, ಮೇಲೊಂದು ಮೊನೆ. ಒಂದು ವರ್ಷ ಸಿಡಿಲು ಬಿದ್ದು ಅಂಡಿಗೆಗಳು ಸುಟ್ಟು ಹೋದ ಮೇಲೆ ನೀಲಕಂಠಪ್ಪನವರು ಪರದೇಶದಿಂದ ತರಿಸಿದ್ದಂತೆ. ಅದು ಆಕಾಶದ ಬೆಂಕಿಯನ್ನು ಕರೆದು ಮೆತ್ತಗೆ ನೆಲಕ್ಕೆ ಇಳಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಕೆಳಗಿನಿಂದ ನೋಡಿದರೆ ಅದು ಕಳಸವೇ. ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಅತ್ತೆ ಅದಕ್ಕೂ ಕೈ ಮುಗಿಯುತ್ತಿದ್ದಳು. ಗಿರಣಿಗೆ ಕಳಸ ಐತಿ, ದೇವರಿಗೆ ಇಲ್ಲ ಎನ್ನುತ್ತಿದ್ದಳು.

ನೀಲಕಂಠಪ್ಪನವರು ಹೋದರು. ಗಿರಣಿ ನಿಂತಿತು. ಅವರ ಮೊಮ್ಮಗ ಗುರುಪಾದ ಅಲ್ಲಿ ಕಲ್ಯಾಣ ಮಂಟಪ ಕಟ್ಟಿಸುತ್ತೇನೆ ಎಂದು ಕೆಡವಲು ಹಚ್ಚಿದ. ಕೆಡವಲಿಕ್ಕೂ ನಾವೇ. ಸೋಮಪ್ಪ ತಗಡು ಬಿಚ್ಚಿದ, ತೊಲೆ ಇಳಿಸಿದ. ಕಂಬದ ತುದಿಯ ಗುಂಡಿಗೆ ಯಾರೂ ಕೈ ಹಾಕಿರಲಿಲ್ಲ. ಗುರುಪಾದ ದಿನಾ ಬಂದು ಮೇಲೆ ನೋಡಿ ಹೋಗುತ್ತಿದ್ದ. ಒಂದು ದಿನ ಮಧ್ಯಾಹ್ನ ಉಣ್ಣಲು ಕೂತ ಸೋಮಪ್ಪನನ್ನು ಎಬ್ಬಿಸಿ ಮೇಲೆ ಹತ್ತಿಸಿದ.

ನಾನೂ ಅತ್ತೆಯೂ ಆಗ ಇಟ್ಟಂಗಿ ಹೊರುತ್ತಿದ್ದೆವು. ನನ್ನ ಮಗಳು ಮಯೂರಿ ಇನ್ನೂ ಮೊಲೆಗೂಸು, ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿದ್ದಳು. ಸೋಮಪ್ಪ ಗುಂಡನ್ನು ಬಿಚ್ಚಿ ಎದೆಗೆ ಅವುಚಿಕೊಂಡು, ಒಂದೇ ಕೈಯಲ್ಲಿ ಕಂಬ ಹಿಡಿದು ಇಳಿದ. ಅವನು ಇಳಿಯುತ್ತಿದ್ದಂತೆ ಗುರುಪಾದ, ಅವನ ಗುಮಾಸ್ತ ಯಜ್ಞೇಶ್ವರ, ಗೌಂಡಿ ಎಲ್ಲರೂ ಹಿಂದಕ್ಕೆ ಸರಿದರು. ಗುರುಪಾದ ರಸ್ತೆಯ ಆಚೆ ಬದಿಗೆ ಹೋಗಿ ನಿಂತ. ಮೂಗಿಗೆ ಕರ್ಚೀಫು ಹಿಡಿದಿದ್ದ. ಅಲ್ಲಿಂದಲೇ ಕೂಗಿ, ಅಲ್ಲೇ ನೆಲಕ್ಕಿಡು ಅಂದ. ಸೋಮಪ್ಪ ಇಟ್ಟ. ಗುಂಡು ಉರುಳಿ ರಸ್ತೆಗೆ ಹೋಗುವಂತಾಯಿತು. ಯಜ್ಞೇಶ್ವರ ಒಂದು ಉದ್ದನೆಯ ಗಳ ತಂದು, ತೋಳು ಚಾಚಿ, ಮುಖ ತಿರುಗಿಸಿಕೊಂಡು ಅದನ್ನು ನಮ್ಮ ಕಡೆಗೆ ದಬ್ಬಿದ.

ಗುರುಪಾದ ಅಂದ, "ನಿಮ್ಮ ಗುಡಿಗೆ ಕಳಸ ಇಲ್ಲ ಅಂತ ಅಳತಿದ್ರಲ್ಲೋ. ತಗೊಂಡು ಹೋಗ್ರಿ. ನಮ್ಮಜ್ಜಂದು. ದಾನ ಅಂತ ತಿಳೀರಿ."

ಮುಟ್ಟದೆ ಕೊಡುವುದು ನಮಗೆ ಹೊಸದಲ್ಲ. ನೀರು ಮೇಲಿನಿಂದ ಸುರಿಯುತ್ತಾರೆ. ಪಗಾರ ಕಟ್ಟೆಯ ಮೇಲಿಡುತ್ತಾರೆ. ಪ್ರಸಾದ ಎಸೆಯುತ್ತಾರೆ. ಕಳಸ ಕೋಲಿನಿಂದ ದಬ್ಬಿದರು. ಅದರಲ್ಲಿ ಕೇಳುವಂಥದ್ದು ಏನಿತ್ತು. ಸೋಮಪ್ಪ ಬಗ್ಗಿ ನಮಸ್ಕಾರ ಮಾಡಿ ಎತ್ತಿಕೊಂಡ.

ಅತ್ತೆ ಆ ದಿನ ಅತ್ತಳು. ಸ್ವಾಮಿಗಳು ಬ್ಯಾಡ, ನಾನೇ ಏರಿಸುತ್ತೇನೆ ಅಂದಳು. ಉಪವಾಸ ಇದ್ದು, ಹುಣಸೆಹಣ್ಣು ಮತ್ತು ಒಲೆಯ ಬೂದಿ ಹಚ್ಚಿ ಅದನ್ನು ತಿಕ್ಕಿದಳು. ಅಂಚಿನ ಸುತ್ತ ಹಳದಿ ಬಣ್ಣದ ಒಂದು ಪಟ್ಟಿ ಮೆತ್ತಿಕೊಂಡಿತ್ತು. ಕಿಲುಬು ಅಂದುಕೊಂಡಳು. ಉಗುರಿನಿಂದ ಕೆರೆದಳು. ತಿಕ್ಕುತ್ತ ತಿಕ್ಕುತ್ತ ತಾನೇ ಕಟ್ಟಿ ಹಾಡಿದಳು.

ಎತ್ತರದ ಕಳಸವ ಹೊತ್ತು ತಂದಾನ ಮಗ
ತುತ್ತೀಗು ಮೊದಲ ತೊಳದೇನ, ನನ್ನವ್ವ,
ನೆತ್ತೀಯ ಮ್ಯಾಲ ನಿಲಿಸೇನ

ಗುಡಿಯ ನೆತ್ತಿಯಲ್ಲಿ ಕಳಸ ನಿಂತಿತು. ಕೇರಿಯ ಹೆಂಗಸರೆಲ್ಲ ಉಧೋ ಉಧೋ ಎಂದು ಕೂಗಿದರು. ಊರವರು ಕೋಳಿಗೂಡು ಅನ್ನುವುದನ್ನು ಬಿಟ್ಟರು.

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಕಳಸ ಇಳಿಸಿ ತಿಕ್ಕಿ ತೊಳೆದು ಮತ್ತೆ ಏರಿಸುವುದು ಪದ್ಧತಿಯಾಯಿತು. ತೊಳೆದ ನೀರನ್ನು ಚೆಲ್ಲುವಂತಿಲ್ಲ, ಅದು ತೀರ್ಥ. ಮೊದಲು ಕೂಸುಗಳ ಬಾಯಿಗೆ, ಆಮೇಲೆ ಬಸುರಿಯರಿಗೆ, ಆಮೇಲೆ ಉಳಿದವರಿಗೆ. ತಿಕ್ಕಿದ ಬೂದಿಯನ್ನೂ ಚೆಲ್ಲುವಂತಿಲ್ಲ. ಅತ್ತೆ ಅದನ್ನು ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಂಡಳು. ಹಣೆಗೆ ಹಚ್ಚಿಕೊಂಡಳು. ಮುಂಜಾನೆ ಅದರಿಂದಲೇ ಹಲ್ಲು ತಿಕ್ಕಿಕೊಂಡಳು. ಕೆಟ್ಟ ಮಾತು ಬರೋ ಬಾಯಿ, ದೇವರ ಬೂದಿಯಿಂದ ಶುದ್ಧ ಆಗಲಿ ಅಂದಳು.

ಹೀಗೆ ವರ್ಷಗಳು ಹೋದವು.

ಮೊದಲು ಅವಳ ದವಡೆ ಹಲ್ಲು ಅಲುಗಿತು. ಕೀಳಿಸಿಕೊಂಡು ಬಂದಳು. ಕಿತ್ತ ಜಾಗ ಮಾಯಲಿಲ್ಲ. ಇನ್ನೊಂದು ಹಲ್ಲು ಅಲುಗಿತು. ಆಮೇಲೆ ರೊಟ್ಟಿ ಮುರಿಯುವಾಗ ಒಂದು ತಾನೇ ಕೈಗೆ ಬಂತು. ಗಲ್ಲ ಬಾತಿತು. ಒಳಗಿನಿಂದ ಕೀವು. ಸರಕಾರಿ ದವಾಖಾನೆಯಲ್ಲಿ, ತಂಬಾಕು ತಿಂದು ತಿಂದು ಮಾಡಿಕೊಂಡಿದ್ದಿ ಎಂದು ಬೈದರು. ಅವಳು ತಂಬಾಕು ಮುಟ್ಟಿದವಳಲ್ಲ. ಹೇಳಿದೆವು. ನಿಮ್ಮ ಮಂದಿ ಎಲ್ಲಾರೂ ಹಿಂಗ ಹೇಳ್ತೀರಿ ಎಂದು ಗುಳಿಗೆ ಬರೆದು ಕೊಟ್ಟರು. ಒಂದು ಮುಂಜಾನೆ ಬಾಯಿ ಮುಕ್ಕಳಿಸುವಾಗ ಅವಳ ಅಂಗೈಗೆ ಎಲುಬಿನ ಚೂರು ಬಿತ್ತು. ಹಲ್ಲಲ್ಲ. ದವಡೆಯದೇ ಚೂರು, ಜಿಗಟಾಗಿ, ಜೇನುಗೂಡಿನ ಹಾಗೆ ತೂತು ತೂತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಮತ್ತೆ ಹಾಡಲಿಲ್ಲ.

ಪಕ್ಕದ ಮನೆಯ ತಾರಾಬಾಯಿಗೆ ಮೊಣಕಾಲ ಕೆಳಗೆ ಎಲುಬು ನೋವು ಹಿಡಿಯಿತು. ಅತ್ತೆ ಅವಳಿಗೂ ತೀರ್ಥವನ್ನೇ ಕೊಟ್ಟಳು, ಇನ್ನಷ್ಟು.

ಈ ವರ್ಷ ಬೇಸಿಗೆಯಲ್ಲಿ ಗುರುಪಾದ ಗಿರಣಿಯ ಹಿತ್ತಲಲ್ಲಿ ಬಿದ್ದಿದ್ದ ಹಳೇ ಕಬ್ಬಿಣವನ್ನೆಲ್ಲ ಮಾರಿದ. ಲಾರಿ ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಎರಕದ ಕಾರಖಾನೆಗೆ ಹೋಯಿತು. ಅಲ್ಲಿಯ ಗೇಟಿನಲ್ಲಿ ಏನೋ ಯಂತ್ರ ಕೂಗಿಕೊಂಡಿತಂತೆ. ಲಾರಿಯಲ್ಲಿ ಆ ಕಂಬದ ತುಂಡು ಇತ್ತು. ಕೇಂದ್ರ ಸರಕಾರದಿಂದ ತಜ್ಞರು ಬಂದರು. ಗುರುಪಾದನಿಗೆ ಕೇಳಿದರು, ಈ ಕಂಬದ ತಲೆ ಎಲ್ಲಿ. ಅವನು ತಡಮಾಡಲಿಲ್ಲ. ಅದು ಆಗಲೇ ಕಳುವಾಗಿದೆ, ಕೆಡವಲು ಬಂದ ಕೇರಿಯವರು ಒಯ್ದರು ಅಂದ.

ಅವರು ಬೈಪಾಸಿನಿಂದ ಕೈಯಲ್ಲಿ ಮೀಟರು ಹಿಡಿದು ನಡೆಯುತ್ತ ಬಂದರು. ಅದು ಟಿಕ್ ಟಿಕ್ ಅನ್ನುತ್ತಿತ್ತು. ನಮ್ಮ ಓಣಿಗೆ ಬಂದಾಗ ಟಿಕ್ಕಿಗೂ ಟಿಕ್ಕಿಗೂ ನಡುವೆ ಸಂದು ಉಳಿಯಲಿಲ್ಲ. ಗುಡಿಯ ಮುಂದೆ ಅದು ಒಂದೇ ಸಮ ಚೀರಿತು.

ತಜ್ಞರಲ್ಲಿ ಒಬ್ಬಳು ಹುಡುಗಿ, ಸೌಮ್ಯಾ ಅಂತ, ಧಾರವಾಡದವಳೇ. ಮೈ ತುಂಬ ಬಿಳಿ ಚೀಲದಂಥ ಬಟ್ಟೆ ಹಾಕಿಕೊಂಡಿದ್ದಳು. ನಮ್ಮನ್ನೆಲ್ಲ ರಸ್ತೆಯ ಆಚೆಗೆ ಸರಿಸಿದಳು. ಕಳಸ ಇಳಿಸಲು ಅವರು ಉದ್ದನೆಯ ಇಕ್ಕಳ ತಂದಿದ್ದರು. ಅವಳು ಮೂಗು ಬಾಯಿ ಮುಚ್ಚಿಕೊಂಡು, ತೋಳು ಚಾಚಿ, ಮೈಯನ್ನು ಹಿಂದಕ್ಕೆ ಎಳೆದುಕೊಂಡು, ಆ ಇಕ್ಕಳದಿಂದ ಕಳಸವನ್ನು ಸೀಸದ ಡಬ್ಬಿಯ ಕಡೆಗೆ ದಬ್ಬಿದಳು.

ನಾನು ಈ ನಿಲುವನ್ನು ನೋಡಿದ್ದೆ. ಇದೇ ರಸ್ತೆ. ಇದೇ ದೂರ. ಮೂಗಿಗೆ ಬಟ್ಟೆ, ಚಾಚಿದ ತೋಳು, ತಿರುಗಿಸಿದ ಮುಖ. ಪಕ್ಕದಲ್ಲಿ ನಿಂತ ಅತ್ತೆ ನನ್ನ ರಟ್ಟೆ ಹಿಡಿದುಕೊಂಡಳು. ಅವಳೂ ನೋಡಿದ್ದಳು.

ಆಮೇಲೆ ಸೌಮ್ಯಾ ಆ ಬಿಳಿ ಬಟ್ಟೆ ಕಳಚಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು. ಚಾ ಕೊಡಬೇಕೋ ಬೇಡವೋ ಎಂದು ನಾನು ನಿಂತೆ. ಈ ಮನೆಯ ನೀರು ಈಗ ಕುಡಿಯಬಾರದು, ನೀವೂ ಕುಡಿಯಬೇಡಿರಿ ಅಂದಳು. ಕಳಸದಲ್ಲಿ ಇದ್ದದ್ದು ರೇಡಿಯಂ ಎಂದು ಹೇಳಿದಳು. ಲಾರಿಯ ಹಿಂದೆ ಹಚ್ಚುತ್ತಾರಲ್ಲ, ಲೈಟು ಬಿದ್ದರೆ ಹೊಳೆಯುವ ಪಟ್ಟಿ, ಅದಲ್ಲೇನು ಎಂದು ಸೋಮಪ್ಪ ಕೇಳಿದ. ಅಲ್ಲ ಅಂದಳು. ಅದಕ್ಕೆ ಹೆಸರಷ್ಟೇ ಬಂದದ್ದು, ಇದು ಆ ಹೆಸರಿನ ಒಡೆಯ ಅಂದಳು.

ಅವಳು ತಿಳಿಯುವ ಹಾಗೆ ಹೇಳಿದಳು. ನೂರಿಪ್ಪತ್ತು ವರ್ಷಗಳ ಹಿಂದೆ ದೂರದ ದೇಶದಲ್ಲಿ ಒಬ್ಬ ಹೆಣ್ಣುಮಗಳು ಇದನ್ನು ಕಂಡುಹಿಡಿದಳಂತೆ. ಅವಳಿಗೆ ಸಿಕ್ಕ ಜಾಗ ಸೋರುವ ಒಂದು ಕೊಟ್ಟಿಗೆ. ಗಣಿಯವರು ಬಿಸಾಕಿದ ಕರೀ ಮಣ್ಣನ್ನು ಗಾಡಿಗಟ್ಟಲೆ ತರಿಸಿ, ದೊಡ್ಡ ಹಂಡೆಯಲ್ಲಿ ಕುದಿಸಿ, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ಇಡೀ ದಿನ ತಿರುವಿದಳಂತೆ. ವರ್ಷಗಟ್ಟಲೆ. ಕೊನೆಗೆ ಸಿಕ್ಕಿದ್ದು ಚಿಟಿಕೆಗೂ ಕಡಿಮೆ. ಅದು ಕತ್ತಲೆಯಲ್ಲಿ ತಾನೇ ಬೆಳಗುತ್ತಿತ್ತಂತೆ. ಅವಳ ಬೆರಳು ಸುಟ್ಟವು, ರಕ್ತ ಕೆಟ್ಟಿತು. ಜಗತ್ತು ಮಾತ್ರ ಹುಚ್ಚೆದ್ದಿತು. ಕ್ಯಾನ್ಸರಿನ ಹುಣ್ಣು ಸುಡಲು ಅದರ ಸೂಜಿ ಮಾಡಿದರು, ಎಷ್ಟೋ ಜನ ಬದುಕಿದರು, ಅದು ಖರೇ. ಆಮೇಲೆ ಮುಖಕ್ಕೆ ಹಚ್ಚುವ ಮುಲಾಮಿಗೆ ಹಾಕಿದರು, ಶಕ್ತಿ ಬರುತ್ತದೆ ಎಂದು ಕುಡಿಯುವ ನೀರಿಗೆ ಹಾಕಿದರು, ಸಿಡಿಲಗಂಬಕ್ಕೆ ಹಾಕಿದರು, ಕತ್ತಲೆಯಲ್ಲಿ ಕಾಣಲಿ ಎಂದು ಗಡಿಯಾರದ ಅಂಕಿಗೆ ಬಳಿದರು. ಬಳಿಯುವ ಕೆಲಸಕ್ಕೆ ಬಡ ಹುಡುಗಿಯರು. ಕುಂಚ ಮೊನಚಾಗಲಿ ಎಂದು ತುಟಿಯಲ್ಲಿ ಹಿಡಿದು ಚೂಪು ಮಾಡಿಕೊಳ್ಳಲು ಅವರಿಗೆ ಕಲಿಸಿದರು. ಅದು ಎಲುಬಿಗೆ ಹೋಗಿ ಕೂಡುತ್ತದೆ. ಸುಣ್ಣ ಎಂದು ತಿಳಿದು ಎಲುಬು ಅದನ್ನು ಬರಮಾಡಿಕೊಳ್ಳುತ್ತದೆ. ಆ ಹುಡುಗಿಯರ ಹಲ್ಲು ಉದುರಿದವು. ದವಡೆ ಪುಡಿಯಾಯಿತು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು. ಸೆರಗಿನ ಒಳಗಿನಿಂದಲೇ ತೊದಲಿದಳು. ನನಗಷ್ಟೇ ತಿಳಿಯಿತು. ನಾನು ಸೌಮ್ಯಾಗೆ ಹೇಳಿದೆ, "ಆ ಹುಡುಗ್ಯಾರಿಗೆ ಯಾರೂ ಹೇಳಲಿಲ್ಲೇನು, ಅಂತ ಕೇಳಾಕತ್ತಾರ್ರಿ."

"ಧಣ್ಯಾರಿಗೆ ಗೊತ್ತಿತ್ತವ್ವಾ," ಅಂದಳು ಸೌಮ್ಯಾ. "ತಾವು ದೂರ ನಿಂತು ಕೆಲಸ ಮಾಡತಿದ್ರು. ಹುಡುಗ್ಯಾರಿಗೆ ಹೇಳಲಿಲ್ಲ."

ಅತ್ತೆ ತಲೆ ಅಲ್ಲಾಡಿಸಿದಳು. ಬಹಳ ಹೊತ್ತು ಅಲ್ಲಾಡಿಸುತ್ತಲೇ ಇದ್ದಳು.

ಅವರು ಗುಡಿಯ ಸುತ್ತಲ ಮಣ್ಣು ಅಗೆದರು. ಅತ್ತೆಯ ಬೂದಿಯ ಡಬ್ಬಿ, ತಿಕ್ಕುವ ನಾರು, ತೀರ್ಥದ ತಂಬಿಗೆ ಒಯ್ದರು. ದುರಗವ್ವನ ಕಲ್ಲಿಗೆ ಮೀಟರು ಹಿಡಿದರು. ಅದೂ ಚೀರಿತು. ದೇವಿಯನ್ನು ಎಬ್ಬಿಸಿ ಕಬ್ಬಿಣದ ಡ್ರಮ್ಮಿನಲ್ಲಿ ಕೂಡಿಸಿ ಮುಚ್ಚಳ ಬಿಗಿದರು. ಯಾವಾಗ ತಿರುಗಿ ಕೊಡುತ್ತೀರಿ ಎಂದು ತಾರಾಬಾಯಿ ಕೇಳಿದಳು. ಇದರ ಕಸುವು ಅರ್ಧ ಇಳಿಯಲು ಸಾವಿರದ ಆರುನೂರು ವರ್ಷ ಬೇಕು ಎಂದು ಒಬ್ಬ ಹೇಳಿದ. ತಾರಾಬಾಯಿಗೆ ಅದು ತಿಳಿಯಲಿಲ್ಲ. ಬರೋ ಅಮಾಸಿಗೆ ಆಗೂದಿಲ್ಲೇನು ಎಂದು ಮತ್ತೆ ಕೇಳಿದಳು.

ಕಡೆಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮೈಗೆ ಮೀಟರು ಹಿಡಿದರು. ಅತ್ತೆಯ ಗಲ್ಲದ ಹತ್ತಿರ ಅದು ಗುಡಿಯ ಮುಂದೆ ಚೀರಿದ ಹಾಗೇ ಚೀರಿತು. ಮಯೂರಿ ನಗುತ್ತ ನಿಂತಿದ್ದಳು, ಅವಳಿಗೆ ಅದು ಆಟ. ಅವಳ ಮೊಣಕಾಲ ಕೆಳಗೆ ಹಿಡಿದಾಗ ಟಿಕ್ ಟಿಕ್ ಏರಿತು. ಸೌಮ್ಯಾ ನನ್ನ ಮುಖ ನೋಡಲಿಲ್ಲ.

ಎಲುಬಿಗೆ ಹೋದದ್ದನ್ನು ತೆಗೆಯುವ ಔಷಧ ಇಲ್ಲ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಅತ್ತೆಯದು ಬಹಳ ಮುಂದೆ ಹೋಗಿದೆ. ಆದರೆ ದೊಡ್ಡ ದವಾಖಾನೆಯಲ್ಲಿ ಕೊಳೆತ ದವಡೆ ತೆಗೆದು ನಳಿಗೆ ಹಾಕಿದರೆ ನೋವು ಕಡಿಮೆಯಾದೀತು, ಗಂಜಿ ಇಳಿದೀತು. ಸಾಯುವುದು ತಪ್ಪುವುದಿಲ್ಲ, ಹಸಿದು ಸಾಯುವುದು ತಪ್ಪೀತು. ಮಕ್ಕಳನ್ನು ವರ್ಷ ವರ್ಷ ನೋಡುತ್ತಿರಬೇಕು.

ಹಸಿದು ಅಂದದ್ದು ಸುಳ್ಳಲ್ಲ. ಆಗ ಅತ್ತೆ ರೊಟ್ಟಿ ಬಿಟ್ಟು, ನುಚ್ಚು ಬಿಟ್ಟು, ತಿಳಿ ಮಜ್ಜಿಗೆಗೆ ಬಂದಿದ್ದಳು. ಅರ್ಧ ನುಂಗಿದರೆ ಅರ್ಧ ಗಲ್ಲದ ತೂತಿನಿಂದ ಹೊರಗೆ ಬರುತ್ತಿತ್ತು. ನಾನು ಬಟ್ಟೆ ಹಿಡಿದು ಕೂಡುತ್ತಿದ್ದೆ.

ಮರುದಿನ ಯಜ್ಞೇಶ್ವರ ಬಂದ. ಓಣಿಯ ಬಾಯಲ್ಲೇ ನಿಂತು ಸೋಮಪ್ಪನನ್ನು ಕರೆದ. ಪೊಲೀಸರು ವಿಚಾರಣೆಗೆ ಬರುತ್ತಾರೆ, ಅವರ ಮುಂದೆ ಏನು ಹೇಳಬೇಕು ಎಂದು ತಿಳಿಸಿದ. ಕದ್ದೆವು ಎಂಬ ಶಬ್ದ ಬೇಡವಾದರೆ ಬೇಡ, ಕೇಳದೆ ಒಯ್ದೆವು ಎಂದರೆ ಸಾಕು. ಗುರುಪಾದ ಸಾವಕಾರರು ಕಳವಿನ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮುದುಕಿಯನ್ನು ಅವತ್ತೇ ತಮ್ಮ ಗಾಡಿಯಲ್ಲಿ ದೊಡ್ಡ ದವಾಖಾನೆಗೆ ಒಯ್ಯುತ್ತಾರೆ. ಇಲ್ಲವಾದರೆ ಕಳವಿನ ಕೇಸು ನಡೆಯುತ್ತದೆ, ದವಾಖಾನೆಯ ಮಾತು ಇಲ್ಲ.

ಸೋಮಪ್ಪ ಒಳಗೆ ಬಂದು ಗೋಡೆಗೆ ಒರಗಿ ಕುಳಿತ. ಅವನೇ ಹೇಳಿದ. "ಕಳ್ಳ ಅನಿಸ್ಕೊಳ್ಳೂದು ನನಗ ಹೊಸಾದಲ್ಲ. ದಿನಾ ಗೇಟಿನ್ಯಾಗ ಧೋತರ ಜಾಡಿಸಿ ಬಂದಾವ ನಾ. ಅವ್ವನ ಹೊಟ್ಟಿಗೆ ನಾಕು ದಿನಾ ಗಂಜಿ ಹೋದ್ರ ಸಾಕು."

ನನಗೂ ಹಾಗೇ ಅನಿಸಿತ್ತು. ಹೌದು ಅಂದೆ.

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದೆವು.

ವಿಚಾರಣೆ ನಡೆದದ್ದು ಖಾಲಿ ಗುಡಿಯ ಮುಂದೆ. ಶಾಮಿಯಾನ ಹಾಕಿದ್ದರು. ಫೌಜದಾರರು, ತಹಸೀಲ್ದಾರರು, ಗುರುಪಾದ ಕುರ್ಚಿಯಲ್ಲಿ. ಊರಿನ ಹಿರಿಯರು ಬೆಂಚಿನ ಮೇಲೆ. ಸೌಮ್ಯಾ ಒಂದು ಬದಿಗೆ ನಿಂತಿದ್ದಳು. ನಾವು ನೆಲದ ಮೇಲೆ. ಗುರುಪಾದನ ಬಿಳಿ ಗಾಡಿ ಬಾಗಿಲು ತೆರೆದುಕೊಂಡು ಓಣಿಯ ಬಾಯಲ್ಲಿ ನಿಂತಿತ್ತು. ಹಿಂದಿನ ಸೀಟಿಗೆ ಹಳೇ ಚಾದರ ಹಾಸಿದ್ದರು.

ಮೊದಲು ಸೋಮಪ್ಪನನ್ನು ಎಬ್ಬಿಸಿದರು. ಅವನು ಎದ್ದು ನಿಂತು ಕೈ ಕಟ್ಟಿದ. ಬಾಯಿ ತೆರೆದ. ಮಾತು ಬರುವ ಮೊದಲೇ ಅತ್ತೆ ನೆಲಕ್ಕೆ ಕೈ ಊರಿ ಎದ್ದಳು. ಅವಳು ತಾನಾಗಿ ಎದ್ದು ನಿಂತು ತಿಂಗಳಾಗಿತ್ತು. ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಬಿಚ್ಚಿದಳು. ಆ ನಾತಕ್ಕೆ ಮುಂದಿನ ಕುರ್ಚಿಗಳು ಹಿಂದೆ ಸರಿದವು. ಅವಳ ಗಲ್ಲದ ಒಂದು ಭಾಗ ಇರಲಿಲ್ಲ. ಅವಳು ಗುರುಪಾದನ ಕಡೆ ಕೈ ಮಾಡಿ ಮಾತಾಡಿದಳು. ತುಟಿ ಕೂಡುತ್ತಿರಲಿಲ್ಲ. ಬಂದದ್ದು ಸ್ವರ ಮಾತ್ರ, ವ್ಯಂಜನ ಇಲ್ಲ.

ಫೌಜದಾರರು ಮೂಗು ಮುಚ್ಚಿಕೊಂಡು ಕೇಳಿದರು, "ಏನಂತಾಳಕಿ? ಯಾರಿಗರ ತಿಳೀತೇನು?"

ಎಲ್ಲರೂ ನನ್ನನ್ನು ನೋಡಿದರು. ಸೋಮಪ್ಪನೂ ನೋಡಿದ. ಅವನ ಕಣ್ಣು ಬೇಡುತ್ತಿದ್ದವು. ಗಾಡಿಯ ಬಾಗಿಲು ತೆರೆದೇ ಇತ್ತು. ಕೇಳದೆ ಒಯ್ದೆವು ಅನ್ನುತ್ತಾಳೆ ಎಂದು ನಾನು ಹೇಳಿದ್ದರೆ ಮುಗಿಯುತ್ತಿತ್ತು. ಅಲ್ಲ ಎಂದು ಹೇಳಲು ಅವಳಿಗೆ ಬಾಯಿರಲಿಲ್ಲ. ಅವಳು ಸಾಯುವ ತನಕ ಗಂಜಿ ಕುಡಿಯುತ್ತಿದ್ದಳು.

ಅತ್ತೆ ನನ್ನ ಕಡೆ ನೋಡಲಿಲ್ಲ. ನಾನು ಕೇಳಿದ್ದೇನೆ ಎಂದು ಅವಳಿಗೆ ಗೊತ್ತಿತ್ತು.

ನಾನು ಎದ್ದು ನಿಂತೆ. ಅಷ್ಟು ಮಂದಿಯ ಮುಂದೆ ನಾನು ಎಂದೂ ಮಾತಾಡಿದವಳಲ್ಲ. "ಕೊಟ್ಟಾರ ಅಂತಾರ್ರಿ," ಅಂದೆ. "ಗೊತ್ತಿದ್ದ ಕೊಟ್ಟಾರ. ಮೂಗು ಮುಚ್ಚಿಕೊಂಡು, ರಸ್ತೆ ದಾಟಿ ನಿಂತು, ಕೋಲಿಲೆ ದಬ್ಬಿ ಕೊಟ್ಟಾರ. ನಾವು ನಮ್ಮ ಜಾತಿಗೆ ಅಂಜಿ ದೂರ ನಿಂತಾರ ಅಂತ ತಿಳದ್ವಿ. ಅವರು ಕಳಸಕ್ಕ ಅಂಜಿದ್ರು. ನಮ್ಮ ಕೂಸಿನ ಬಾಯಿಗೆ ಹಾಕಿದ್ವಿ ಅದನ್ನ, ತೀರ್ಥ ಅಂತ. ಅವರು ಆಚೀಕಡೆ ನಿಂತು ನೋಡಿದ್ರು."

ಫೌಜದಾರರು ಹುಬ್ಬು ಏರಿಸಿದರು. "ಇಷ್ಟೆಲ್ಲಾ ಅಂದಳೇನಕಿ? ಎರಡ ಮಾತು ಆಡಿದಂಗಿತ್ತು."

"ಇಷ್ಟೂ ಅಂದಾರ್ರಿ," ಅಂದೆ.

ಗುರುಪಾದ ಸಿಟ್ಟಾಗಲಿಲ್ಲ. ನಿಧಾನವಾಗಿ ಎದ್ದು ಕೈ ಮುಗಿದ. ತಾನು ಶರಣರ ಮನೆತನದವನು, ಭೇದ ಭಾವ ಅರಿಯದವನು ಅಂದ. ಯಜ್ಞೇಶ್ವರನನ್ನು ತೋರಿಸಿ, ಇವನ ಕೈಯಲ್ಲಿ ನಾನು ಎಂದಾದರೂ ಕೋಲು ಕೊಟ್ಟಿದ್ದೇನೆಯೇ ಎಂದು ಬೆಂಚಿನವರನ್ನು ಕೇಳಿದ. "ನಾ ಕೊಟ್ಟಿದ್ರ ಕೈಯಾಗ ಕೊಡತಿದ್ದೆ. ಕೋಲಿಲೆ ದಬ್ಬಿದ ಅಂದ ಕೂಡ್ಲೆ ಸುಳ್ಳು ಅಂತ ತಿಳೀತಲ್ಲ. ಈಗಿನ ಕಾಲದಾಗ ಹಂಗ ಯಾರು ಮಾಡತಾರ?"

ಬೆಂಚಿನ ಮೇಲಿನವರು ಹೌದು ಹೌದು ಅಂದರು. ಈಗ ಅಂಥಾದ್ದೆಲ್ಲ ಎಲ್ಲಿ ಐತಿ ಅಂದರು. ಅವರ ಯಾರ ಕೈಯಿಂದಲೂ ನಾನು ಒಂದು ಲೋಟ ನೀರು ಇಸಿದುಕೊಂಡವಳಲ್ಲ. ಅವರ ಮುಂದೆ ಚಾ ಬಂದಿತ್ತು, ಗಾಜಿನ ಲೋಟದಲ್ಲಿ. ನಮಗೆ ಕಾಗದದ ಕಪ್ಪು.

ತಹಸೀಲ್ದಾರರು ಸೌಮ್ಯಾಳನ್ನು ಕೇಳಿದರು. ಅವಳು ತಲೆ ತಗ್ಗಿಸಿ, "ಎಷ್ಟು ಐತಿ ಅನ್ನೂದು ನನ್ನ ಮೀಟರು ಹೇಳತೈತ್ರಿ. ಯಾರು ಕೊಟ್ರು, ಏನು ತಿಳಿದು ಕೊಟ್ರು ಅನ್ನೂದು ಅದಕ್ಕ ತಿಳಿಯೂದಿಲ್ಲ" ಅಂದಳು.

ಸಾಕ್ಷಿ ಯಾರು ಎಂದು ಕೇಳಿದರು. ಕೇರಿಯವರೆಲ್ಲ ಎದ್ದು ನಿಂತರು. ಆರೋಪಿಗಳೇ ಸಾಕ್ಷಿ ಹೇಳಲು ಬರುವುದಿಲ್ಲ ಎಂದು ಕೂಡಿಸಿದರು.

ಬಿಳಿ ಗಾಡಿಯ ಬಾಗಿಲು ಮುಚ್ಚಿತು. ಚಾದರ ಮಡಚಿ ಇಟ್ಟುಕೊಂಡು ಹೋದರು. ಸೋಮಪ್ಪ ಆ ದಿನ ನನ್ನ ಕೂಡ ಮಾತಾಡಲಿಲ್ಲ. ಸಂಜೆ ಅವ್ವನ ಕಾಲು ಒತ್ತುತ್ತ ಕುಳಿತಿದ್ದ. ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಅವನು ಆಗ ಅತ್ತ. ಅವನ ಸಿಟ್ಟು ಯಾರ ಮೇಲೆ ಎಂದು ನನಗೆ ಗೊತ್ತಿತ್ತು. ಅವನ ಅವ್ವನಿಗೆ ಗಂಜಿ ತಪ್ಪಿಸಿದವಳು ನಾನು.

ಅವಳು ಶ್ರಾವಣದಲ್ಲಿ ಹೋದಳು. ರೋಗದಿಂದಲ್ಲ. ಸೌಮ್ಯಾ ಹೇಳಿದ ಹಾಗೆ, ಹಸಿವೆಯಿಂದ. ಕೊನೆಗೆ ನೀರೂ ನಿಲ್ಲಲಿಲ್ಲ. ಬತ್ತಿ ಅದ್ದಿ ನಾಲಗೆಗೆ ಹಚ್ಚುತ್ತಿದ್ದೆ. ನಾನು ಮೆಲ್ಲಗೆ ಅವಳ ಹಾಡುಗಳನ್ನು ಹೇಳಿದೆ, ನೆನಪಿದ್ದಷ್ಟು. ತಪ್ಪಿದಲ್ಲಿ ಅವಳು ಕೈಬೆರಳಿನಿಂದ ನೆಲ ಕುಟ್ಟುತ್ತಿದ್ದಳು. ಆಮೇಲೆ ಕುಟ್ಟುವುದು ನಿಂತಿತು.

ಮಣ್ಣು ಮಾಡುವಾಗ ಆಳವಾಗಿ ತೋಡಿ ಮೇಲೆ ಸಿಮೆಂಟು ಹಾಕಬೇಕು ಎಂದು ಹುಕುಂ ಬಂತು. ಹಾಕಿದರು. ಪೇಪರಿನಲ್ಲಿ ಕಳುವಾಗಿದ್ದ ಅಪಾಯಕಾರಿ ವಸ್ತು ಪತ್ತೆ ಎಂದು ಬಂತು. ಗುರುಪಾದ ಸಹಕಾರ ನೀಡಿದ್ದಕ್ಕೆ ಅಧಿಕಾರಿಗಳು ಅಭಿನಂದಿಸಿದರು ಎಂದೂ ಬಂತು. ಅವನ ಮಂಟಪದಲ್ಲಿ ಈಗ ಮದುವೆಗಳು ನಡೆಯುತ್ತವೆ. ಉಳಿದ ಅನ್ನವನ್ನು ನಮ್ಮ ಓಣಿಯ ಬಾಯಿಗೆ ತಂದು ಇಟ್ಟು ಹೋಗುತ್ತಾರೆ. ನಾವು ತರುವುದಿಲ್ಲ. ನಾಯಿ ತಿನ್ನುತ್ತವೆ.

ಸೋಮಪ್ಪ ಕೋರ್ಟಿಗೆ ಹೋಗಿ ಬರುತ್ತಾನೆ. ಕಳವು ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ ಎಂದು ವಕೀಲರು ಹೇಳುತ್ತಾರೆ. ಅವನು ಒಪ್ಪಿಕೊಳ್ಳುವುದಿಲ್ಲ. ಈಗ ಒಪ್ಪಿಕೊಂಡರೆ ಅವ್ವ ಸುಮ್ಮನೆ ಹಸಿದಂಗಾಯಿತು ಅನ್ನುತ್ತಾನೆ. ಕೆಲಸ ಯಾರೂ ಕೊಡುವುದಿಲ್ಲ. ಕಳ್ಳ ಎಂದು ಕೆಲವರು, ಮೈಯಲ್ಲಿ ವಿಷ ಇದೆ ಎಂದು ಕೆಲವರು.

ನಿನ್ನೆ ಅವನು ಕೋರ್ಟಿನಿಂದ ಬಂದು ಅಂಗಿ ಬಿಚ್ಚುತ್ತಿದ್ದ. ಮಯೂರಿ ಸಾಲಿಯಿಂದ ಓಡಿ ಬಂದಳು. ತುಟಿಯ ಮೇಲೆ ಒಂದು ಹನಿ ರಕ್ತ. ನಗುತ್ತ ಅಂಗೈ ಬಿಚ್ಚಿದಳು. ಮುಂದಿನ ಹಲ್ಲು.

ಅವಳಿಗೆ ಏಳು ವರ್ಷ. ಹಾಲು ಹಲ್ಲು ಬೀಳುವ ವಯಸ್ಸೇ. ಅವಳ ವರ್ಗದ ಎಲ್ಲ ಮಕ್ಕಳ ಹಲ್ಲೂ ಬೀಳುತ್ತಿವೆ. ಸೋಮಪ್ಪ ನನ್ನನ್ನು ನೋಡಿದ, ನಾನು ಅವನನ್ನು. ಅವಳು ಸಗಣಿ ಹುಡುಕಿಕೊಂಡು ಹಿತ್ತಲಿಗೆ ಹೊರಟಳು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಒಗೆಯಬೇಕು, ಒಗೆದರೆ ಗಟ್ಟಿ ಹಲ್ಲು ಬರುತ್ತದೆ. ನಾವೆಲ್ಲ ಒಗೆದವರೇ.

ಮಕ್ಕಳ ಹಲ್ಲು ಬಿದ್ದರೆ ಚೆಲ್ಲಬೇಡಿರಿ, ತಪಾಸಣೆಗೆ ಬೇಕು ಎಂದು ಸೌಮ್ಯಾ ಒಂದೊಂದು ಮನೆಗೆ ಒಂದೊಂದು ಬಿಳಿ ಡಬ್ಬಿ ಕೊಟ್ಟು ಹೋಗಿದ್ದಳು. ನಾನು ಅವಳ ಕೈಯಿಂದ ಹಲ್ಲು ತೆಗೆದುಕೊಂಡು ಡಬ್ಬಿಗೆ ಹಾಕಿ ಮುಚ್ಚಳ ತಿರುವಿದೆ.

ಮಯೂರಿ ಅತ್ತಳು. "ಒಗೀಲಿಲ್ಲಂದ್ರ ಹೊಸಾ ಹಲ್ಲು ಹೆಂಗ ಬರತಾವ ಯವ್ವಾ?"

ಬರತಾವ ಅಂದೆ.

ಅವಳು ಹೊಸ್ತಿಲ ಮೇಲೆ ಕುಳಿತು, ಆ ಖಾಲಿ ಜಾಗವನ್ನು ನಾಲಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.